ಗುಂಡಣ್ಣನಿಗೆ ಕನ್ನಡ ಮಾತ್ರ ಬರುತ್ತದೆ

ನಮ್ಮ ಭಾವನ ಪ್ರಕಾರ ಇಡೀ ವಿಜಯವಾಡದಲ್ಲಿ ಸರಿಯಾಗಿ ಕನ್ನಡ ಬರುವವರು ಇಬ್ಬರೇ. ಒಬ್ಬರು ಸ್ವತಃ ಅವರು. ಇನ್ನೊಬ್ಬ ಅವರ ನಾಯಿ!

ಮೂರನೆಯ ಸ್ಥಾನಕ್ಕೆ ನಾನು ಎಷ್ಟೋ ಸಲ ಅರ್ಜಿ ಹಾಕಿಕೊಂಡಿದ್ದೇನೆ. ಹುಟ್ಟಿದ್ದು ಧಾರವಾಡದಲ್ಲಿ, ಕಲಿತದ್ದು ಕನ್ನಡ ಶಾಲೆಯಲ್ಲಿ, ಇನ್ನೇನು ಬೇಕು? "ನೀ ಮೈಸೂರಾಗ ನಾಕು ವರ್ಷ ಓದಿ ಕೆಟ್ಟಿಯಪಾ" ಎಂದು ಭಾವ ಅರ್ಜಿಯನ್ನು ಪ್ರತಿಸಲವೂ ವಾಪಸು ಮಾಡುತ್ತಾರೆ. ಅವರ ಹೆಂಡತಿ, ಅಂದರೆ ನನ್ನ ಅಕ್ಕ, ಅರ್ಜಿ ಹಾಕುವ ಗೋಜಿಗೇ ಹೋಗಿಲ್ಲ. ಓಣಿಯ ಮಕ್ಕಳಿಗೆಲ್ಲ ತೆಲುಗಿನಲ್ಲಿ ಲೆಕ್ಕ ಹೇಳಿಕೊಡುವ ಅವಳಿಗೆ ಅಷ್ಟು ಪುರುಸೊತ್ತೂ ಇಲ್ಲ.

ನಾನು ವಿಶಾಖಪಟ್ಟಣದ ಹತ್ತಿರ ಅಚ್ಯುತಾಪುರಂನ ಒಂದು ಔಷಧ ಕಾರ್ಖಾನೆಯಲ್ಲಿದ್ದೇನೆ. ಎರಡನೇ ಶನಿವಾರ ಬಂತೆಂದರೆ ದುವ್ವಾಡದಲ್ಲಿ ರೈಲು ಹತ್ತಿ, ಮಧ್ಯಾಹ್ನದ ಊಟದ ಹೊತ್ತಿಗೆ ಸರಿಯಾಗಿ ವಿಜಯವಾಡದ ಭವಾನಿಪುರಂನಲ್ಲಿರುವ ಅಕ್ಕನ ಮನೆಯ ಬಾಗಿಲಲ್ಲಿ ನಿಂತಿರುತ್ತೇನೆ. ಭಾವ ಬ್ಯಾಂಕಿನ ಅಧಿಕಾರಿ. ಹದಿನೇಳು ವರ್ಷದ ಹಿಂದೆ ಬ್ಯಾಂಕಿನವರು "ಮೂರು ವರ್ಷ ಅಷ್ಟೇ" ಎಂದು ಹೇಳಿ ವಿಶಾಖಪಟ್ಟಣಕ್ಕೆ ಕಳಿಸಿದರು. ಆಮೇಲೆ ಅವರನ್ನು ಮರೆತೇಬಿಟ್ಟರು ಅಂತ ಕಾಣುತ್ತದೆ. ನಾಲ್ಕು ವರ್ಷದ ಹಿಂದೆ ನೆನಪಾಗಿ ವಿಜಯವಾಡಕ್ಕೆ ಹಾಕಿದರು, ಮತ್ತೆ ಮರೆತರು!

ಈ ಹದಿನೇಳು ವರ್ಷದಲ್ಲಿ ಭಾವ ಕಲಿತ ತೆಲುಗಿನ ಬಗ್ಗೆ ಎರಡು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಅವರು ತೆಲುಗು ಕಲಿತಿಲ್ಲ. ಧಾರವಾಡದ ಕನ್ನಡವನ್ನೇ ಸ್ವಲ್ಪ ಎಳೆದು, ಕೊನೆಗೊಂದು ತೆಲುಗು ಮರ್ಯಾದೆಯ "ಅಂಡಿ" ಅಂಟಿಸಿಬಿಡುತ್ತಾರೆ. "ಬದನಿಕಾಯಿ ಎಳೀವು ಕೊಡ್ರಿ ಅಂಡಿ!" ತರಕಾರಿಯವಳು ಒಂದು ಕ್ಷಣ ಅವರ ಮುಖ ನೋಡುತ್ತಾಳೆ, ಕೈ ಎಲ್ಲಿ ತೋರಿಸುತ್ತಿದೆ ನೋಡುತ್ತಾಳೆ, "ಅಲಾಗೇ ಸಾರ್" ಎಂದು ಎಳೆಯದನ್ನೇ ಆರಿಸಿ ತೂಗುತ್ತಾಳೆ. ಬ್ಯಾಂಕಿನಲ್ಲಿ ಅವರು ಸಾಲದ ಷರತ್ತುಗಳನ್ನೂ ಇದೇ ಭಾಷೆಯಲ್ಲಿ ವಿವರಿಸುತ್ತಾರಂತೆ. ಕೇಳಿದವರು ಹೇಗೆ ತಿಳಿದುಕೊಳ್ಳುತ್ತಾರೋ ದೇವರಿಗೇ ಗೊತ್ತು.

ಇನ್ನು ನಾಯಿಯ ವಿಷಯ. ಗುಂಡಣ್ಣ ಹುಟ್ಟಾ ಧಾರವಾಡದವನಲ್ಲ. ವಿಶಾಖಪಟ್ಟಣದಲ್ಲಿ ಭಾವನ ಮನೆಯ ಗೇಟಿನ ಹೊರಗೆ, ಒಂದು ಮೀನಿನ ಬುಟ್ಟಿಯ ನೆರಳಿನಲ್ಲಿ ಕುಂಯ್ಗುಡುತ್ತ ಸಿಕ್ಕ ಬೀದಿಮರಿ. ಅಕ್ಕನ ಮಗಳು ಸಹನಾಗೆ ಆಗ ಐದು ವರ್ಷ. ಫ್ರಾಕಿನ ತುದಿಯಲ್ಲಿ ಸುತ್ತಿಕೊಂಡು ಒಳಗೆ ತಂದಳು. ಭಾವ ಮರಿಯನ್ನು ಮೇಲೆ ಕೆಳಗೆ ನೋಡಿ, "ಇರ್ಲಿ. ಆದ್ರ ಈ ಮನಿಯೊಳಗ ಇದರ ಕೂಡ ಕನ್ನಡಾನ ಮಾತಾಡಬೇಕು" ಎಂದು ಷರತ್ತು ಹಾಕಿದರು. ಜನ ನಾಯಿಗೆ ಇಂಗ್ಲಿಷಿನಲ್ಲಿ ಅಪ್ಪಣೆ ಕೊಡುವ ಕಾಲದಲ್ಲಿ ಗುಂಡಣ್ಣ "ಕುಂದ್ರು" ಅಂದರೆ ಕುಳಿತ, "ಸುಮ್ಕಿರು" ಅಂದರೆ ಬಾಯಿ ಮುಚ್ಚಿದ. ಭಾವ ಊರಿಗೆಲ್ಲ ಫೋನು ಮಾಡಿ ಹೇಳಿಕೊಂಡರು. ಮಗಳು ಮೊದಲ ಸಲ "ಅಪ್ಪಾ" ಅಂದಾಗಲೂ ಇಷ್ಟು ಫೋನು ಮಾಡಿರಲಿಲ್ಲ ಎನ್ನುತ್ತಾಳೆ ಅಕ್ಕ.

ಭವಾನಿಪುರಂನಲ್ಲಿ ಮನೆಯಿಂದ ಎರಡು ಓಣಿ ದಾಟಿದರೆ ಒಂದು ಪ್ರಾಣಿಗಳ ದವಾಖಾನೆ ಇದೆ. ಎರಡು ಕೋಣೆ, ಒಂದು ಉದ್ದ ಬೆಂಚು. ಆ ಬೆಂಚಿನ ಮೇಲೆ ಅರ್ಧ ಗಂಟೆ ಕುಳಿತರೆ ಲೋಕದ ಅರ್ಧ ಜೀವರಾಶಿ ನೋಡಿದ ಹಾಗೆ. ತರಕಾರಿ ಬುಟ್ಟಿಯಲ್ಲಿ ಮೊಲ, ಪ್ಲಾಸ್ಟಿಕ್ ಬಕೀಟಿನಲ್ಲಿ ಆಮೆ, ಬೂಟಿನ ಡಬ್ಬಿಯಲ್ಲಿ ಗಿನಿ ಇಲಿ, ಪಂಜರದಲ್ಲಿ ಜುಟ್ಟು ಕೆದರಿಕೊಂಡ ಕಾಕಟೀಲ್ ಹಕ್ಕಿ. ಎಲ್ಲರಿಗೂ ಒಬ್ಬರೇ ಡಾಕ್ಟರಮ್ಮ. ಅಪ್ಪಟ ತೆಲುಗಿನವರು, ತಾಳ್ಮೆಯ ಹೆಂಗಸು.

ಗುಂಡಣ್ಣನನ್ನು ಅಲ್ಲಿಗೆ ಮೊದಲ ಸಲ ಕರೆದೊಯ್ದ ದಿನ ನಾನೂ ಜೊತೆಗಿದ್ದೆ. ಡಾಕ್ಟರಮ್ಮ ಬೆನ್ನು ಸವರಿ "ಕೂರ್ಚೋ ನಾನ್ನಾ, ಕೂರ್ಚೋ" ಎಂದು ತೆಲುಗಿನಲ್ಲಿ ಮುದ್ದಿನಿಂದ ಕೂರಲು ಹೇಳಿದರು. ಗುಂಡಣ್ಣ ಗೋಡೆಯ ಕ್ಯಾಲೆಂಡರ್ ನೋಡಿದ. ಅವರು ಮತ್ತೆ ಹೇಳಿದರು, ಜೋರಾಗಿ ಹೇಳಿದರು, ಕಿವಿಯ ಹಿಂದೆ ಚಪ್ಪಾಳೆ ತಟ್ಟಿದರು, ಕಿವಿಯೊಳಗೆ ದೀಪ ಬಿಟ್ಟು ನೋಡಿದರು. ಕೊನೆಗೆ ಚೀಟಿಯಲ್ಲಿ ಏನೋ ಬರೆಯುತ್ತ, ಕಿವಿ ಮಂದ ಇರಬಹುದು, ಪರೀಕ್ಷೆ ಮಾಡಿಸೋಣ ಎಂದರು. ಅಲ್ಲಿಯವರೆಗೆ ಭಾವ ಕೈಕಟ್ಟಿ ಸುಮ್ಮನೆ ನಿಂತಿದ್ದರು! ಡಾಕ್ಟರು ಕೆಲಸ ಮಾಡುವಾಗ ನಡುವೆ ಬಾಯಿ ಹಾಕಬಾರದೆಂಬುದು ಅವರ ನಂಬಿಕೆ. ಕಿವಿ ಮಂದ ಎಂದಾಗ ಮಾತ್ರ ತಡೆಯಲಾಗಲಿಲ್ಲ.

"ಕಿವಿ ಛಲೋ ಅದ ಅಂಡಿ. ತೆಲುಗು ತಿಳಿಯಂಗಿಲ್ಲ ಅಷ್ಟ" ಎಂದವರೇ, "ಗುಂಡಣ್ಣಾ, ಕುಂದ್ರಪಾ" ಎಂದರು. ಗುಂಡಣ್ಣ ಧಪ್ಪನೆ ಕುಳಿತ. ಬಾಲದಿಂದ ನೆಲ ಗುಡಿಸಿದ. ಬೆಂಚಿನ ಮೇಲಿದ್ದವರೆಲ್ಲ ಬಾಗಿಲಿಗೆ ಬಂದು ಇಣುಕಿದರು, ಆಮೆಯೊಂದನ್ನು ಬಿಟ್ಟು.

ಡಾಕ್ಟರಮ್ಮ ಬರೆದದ್ದನ್ನು ಹೊಡೆದುಹಾಕಿ, ಅದೇ ಚೀಟಿಯಲ್ಲಿ ತೆಲುಗು ಲಿಪಿಯಲ್ಲಿ ಐದು ಕನ್ನಡ ಪದ ಬರೆದುಕೊಂಡರು. ಕುಂದ್ರು, ಬಾ, ಬ್ಯಾಡ, ಬಾಯಿ ತಗಿ, ಶಾಣ್ಯಾ. ಭಾವ ಒಂದೊಂದನ್ನೂ ಅವರಿಂದ ಮೂರು ಮೂರು ಸಲ ಹೇಳಿಸಿದರು. ತಿಂಗಳು ಕಳೆದು ಹೋದಾಗ ನೋಡಿದರೆ ಡಾಕ್ಟರಮ್ಮ ಸೂಜಿ ಚುಚ್ಚಿಸಿಕೊಂಡ ಮೊಲಕ್ಕೂ "ಶಾಣ್ಯಾ, ಶಾಣ್ಯಾ" ಅನ್ನುತ್ತಿದ್ದಾರೆ! ಈಗ ಭವಾನಿಪುರಂನ ಅರ್ಧ ಪ್ರಾಣಿಗಳು ಶಾಣ್ಯಾ ಆಗಿವೆ. ಭಾವನಿಗೆ ಅದೊಂದು ರಾಜ್ಯ ಗೆದ್ದಷ್ಟು ಸಂತೋಷ.

ನಗುತ್ತ ಹೇಳಿಕೊಂಡು ಬಂದೆ. ಇನ್ನು ಮುಂದಿನದನ್ನು ಹೇಳುವಾಗ ನನಗೆ ಸ್ವಲ್ಪ ನಾಚಿಕೆಯೂ ಆಗುತ್ತದೆ.

ಸಹನಾ ಚಿಕ್ಕವಳಿದ್ದಾಗ ಮನೆಯಲ್ಲಿ ಕನ್ನಡವನ್ನೇ ಆಡುತ್ತಿದ್ದಳು. ಹೊರಗೆಲ್ಲ ತೆಲುಗು ಕೇಳಿ ಬೆಳೆದ ಹುಡುಗಿ, ನಡುವೆ ಅಲ್ಲಲ್ಲಿ ತೆಲುಗು ನುಸುಳುವುದು ಸಹಜ. ಭಾವ ಒಂದನ್ನೂ ಬಿಡುತ್ತಿರಲಿಲ್ಲ. ಅವಳು ಶಾಲೆಯಲ್ಲಿ ಬಿದ್ದು ಮೊಣಕಾಲು ತರಚಿಕೊಂಡ ಕತೆಯನ್ನು ಅಳುತ್ತ ಹೇಳಿದರೂ ಮೊದಲು ವಾಕ್ಯ ತಿದ್ದಿ, ಆಮೇಲೆ ಮೊಣಕಾಲು ನೋಡುತ್ತಿದ್ದರು. ಅಷ್ಟಕ್ಕೇ ನಿಲ್ಲಲಿಲ್ಲ. ಅವಳ ತಪ್ಪುಗಳನ್ನು ಜೋಪಾನವಾಗಿ ನೆನಪಿಟ್ಟುಕೊಂಡು, ಮದುವೆ ಮುಂಜಿವೆಗೆ ಊರಿಗೆ ಹೋದಾಗ ಊಟದ ಪಂಕ್ತಿಯಲ್ಲಿ ಅವಳದೇ ಧ್ವನಿಯಲ್ಲಿ ಹೇಳಿ ತೋರಿಸುತ್ತಿದ್ದರು. ಪಂಕ್ತಿಗೆ ಪಂಕ್ತಿಯೇ ಬಿದ್ದು ಬಿದ್ದು ನಗುತ್ತಿತ್ತು. ನಾನೂ ನಕ್ಕಿದ್ದೇನೆ. "ಇನ್ನೊಮ್ಮೆ ಹೇಳ್ರಿ ಭಾವಾ" ಎಂದು ಕೇಳಿ ಕೇಳಿ ನಕ್ಕಿದ್ದೇನೆ. ಎಲೆಯ ಮುಂದೆ ತಲೆ ತಗ್ಗಿಸಿ ಕುಳಿತ ಹುಡುಗಿಯ ಕಡೆ ನೋಡಬೇಕೆಂದು ನಮಗೆ ಯಾರಿಗೂ ಹೊಳೆಯಲಿಲ್ಲ.

ಹೈಸ್ಕೂಲಿಗೆ ಬರುವ ಹೊತ್ತಿಗೆ ಅವಳು ಕನ್ನಡ ನಿಲ್ಲಿಸಿಬಿಟ್ಟಳು. ಜಗಳವಿಲ್ಲ, ರಂಪವಿಲ್ಲ. ಭಾವ ಕನ್ನಡದಲ್ಲಿ ಕೇಳುತ್ತಾರೆ, ಅವಳು ತೆಲುಗಿನಲ್ಲಿ ಎರಡೇ ಮಾತಿನಲ್ಲಿ ಉತ್ತರಿಸುತ್ತಾಳೆ. "ಅಪ್ಪಾ" ಹೋಗಿ "ನಾನ್ನಾ" ಆಯಿತು. ಆಮೇಲೆ ಉತ್ತರದ ಆ ಎರಡು ಮಾತೂ ಒಂದೇ ಮಾತಿಗೆ ಇಳಿಯಿತು. ಈಗ ಅವಳು ಇಂಟರ್, ಅಂದರೆ ನಮ್ಮ ಪಿಯುಸಿ, ಮೊದಲ ವರ್ಷ. ಬೆಳಗ್ಗೆ ಬೆನ್ನಿಗೆ ಚೀಲ ಏರಿಸಿ ಹೋದರೆ ಸಂಜೆಗೇ ಮನೆ. ಭಾವನಿಗೆ ಇದು ಒಳಗೊಳಗೇ ಕೊರೆಯುತ್ತಿತ್ತು ಎಂಬುದು ನನಗೆ ಗೊತ್ತು. ಆದರೆ ಅವರು ಅದನ್ನು ಹೇಳುತ್ತಿದ್ದ ರೀತಿ ಬೇರೆ. ಒಮ್ಮೆ ದವಾಖಾನೆಯ ಬೆಂಚಿನ ಮೇಲೆಯೇ, ಅವಳ ಎದುರಿಗೇ, "ನೋಡಪಾ, ಬೀದಿ ನಾಯಿಗೆ ಕನ್ನಡ ಬಂತು, ಹೆತ್ತ ಮಗಳಿಗೆ ಬರಲಿಲ್ಲ" ಎಂದು ನಕ್ಕರು. ಅವಳು ಮೊಬೈಲಿನಿಂದ ತಲೆ ಎತ್ತಿ ಅಪ್ಪನನ್ನು ನೋಡಿ ಮತ್ತೆ ತಗ್ಗಿಸಿದಳು. ಅವತ್ತೂ ನಾನು ನಕ್ಕೆ ಅನಿಸುತ್ತದೆ.

ಕಳೆದ ತಿಂಗಳು ಗುಂಡಣ್ಣ ಊಟ ಬಿಟ್ಟ. ಹೊಟ್ಟೆಯಲ್ಲಿ ಗಡ್ಡೆ ಎಂದು ಗೊತ್ತಾಗಿ ಡಾಕ್ಟರಮ್ಮ ಬುಧವಾರ ಆಪರೇಷನ್ ಮಾಡಿದರು. ಹನ್ನೊಂದು ವರ್ಷದ ಜೀವ, ಆಪರೇಷನ್ನೇನೋ ತಡೆದುಕೊಂಡಿತು. ಆದರೆ ಕಣ್ಣು ಬಿಟ್ಟ ಮೇಲೆ ಒಂದು ತುತ್ತು ಮುಟ್ಟಲಿಲ್ಲ. ಗುರುವಾರ ಇಲ್ಲ, ಶುಕ್ರವಾರ ಇಲ್ಲ. ಸಲೈನ್ ಮೇಲೆ ಎಷ್ಟು ದಿನ ಇಡುವುದು? ತಾನಾಗಿ ತಿನ್ನಲು ಶುರುಮಾಡದಿದ್ದರೆ ಉಳಿಯುವುದು ಕಷ್ಟ ಎಂದು ಡಾಕ್ಟರಮ್ಮ ಹೇಳಿದರಂತೆ. ತಮ್ಮ ಐದೂ ಕನ್ನಡ ಪದಗಳನ್ನು ಅವರು ಹೇಳಿ ನೋಡಿದ್ದರು. ಭಾವ ಬ್ಯಾಂಕಿಗೆ ಹೋಗುವ ಮುನ್ನ ದವಾಖಾನೆಯಲ್ಲಿ ಒಂದು ತಾಸು ಅವನ ಮುಂದೆ ಮೊಸರನ್ನ ಹಿಡಿದು ಕೂರುತ್ತಿದ್ದರು. ಬೈದರು, ಮುದ್ದಿಸಿದರು, ಕೊನೆಗೆ ಅತ್ತರು. ಗುಂಡಣ್ಣ ಮುಖ ತಿರುಗಿಸಿ ಮಲಗಿದ.

ಶನಿವಾರ ನಾನು ಬಂದಾಗ ಭಾವ ಊಟಕ್ಕೂ ಕುಳಿತಿರಲಿಲ್ಲ. ಬ್ಯಾಂಕಿಗೆ ರಜೆ. "ನಡಿ, ಇನ್ನೊಮ್ಮೆ ನೋಡೂಣು" ಎಂದರು. ಬಿಸಿಲಲ್ಲೇ ಇಬ್ಬರೂ ನಡೆದೆವು. ದವಾಖಾನೆಯ ಬೆಂಚು ಖಾಲಿ. ಒಳಕೋಣೆಯ ಪರದೆಯ ಹಿಂದಿನಿಂದ ಯಾರೋ ಕನ್ನಡ ಮಾತಾಡುತ್ತಿದ್ದರು. ಡಾಕ್ಟರಮ್ಮ ಇಷ್ಟು ಬೇಗ ಇಷ್ಟು ಕಲಿತುಬಿಟ್ಟರೇ ಎಂದು ನಾನು ಬೆರಗಾಗುವಷ್ಟರಲ್ಲಿ ಅವರೇ ಔಷಧದ ಕಪಾಟಿನ ಹತ್ತಿರದಿಂದ ತುಟಿಯ ಮೇಲೆ ಬೆರಳಿಟ್ಟು, ಸದ್ದು ಮಾಡಬೇಡಿ ಎಂದು ಸನ್ನೆ ಮಾಡಿದರು.

"ಹಿಂಗ ಮಾಡಿದ್ರ ಹೆಂಗಪಾ ಗುಂಡಣ್ಣಾ? ಒಂದ ತುತ್ತು ತಗೋ. ನನ್ನ ಮ್ಯಾಲೆ ಕೋಪಮಾ? ನಾ ನಿನ್ನೆ ಲೇಟ್ ಆಗಿ ಬಂದೆ, ನಿಜ. ಕಾಲೇಜಿನ್ಯಾಗ ಟೆಸ್ಟ್ ಇತ್ತು. ಕೆಮಿಸ್ಟ್ರಿ ಹಾಳಾತು. ಮನಿಯೊಳಗ ಇನ್ನೂ ಚೆಪ್ಪಲೇದು, ನಿನಗಷ್ಟ ಹೇಳಾಕತ್ತೀನಿ. ಅಪ್ಪ ಮೂರು ದಿನದಿಂದ ಉಂಡಿಲ್ಲ, ಗೊತ್ತೇನ? ನೀ ತಿಂದ್ರ ಅಂವಾ ಉಣ್ತಾನ..."

ಪರದೆಯ ಸಂದಿನಿಂದ ಕಂಡಿತು. ಶನಿವಾರ ಅರ್ಧ ದಿನದ ಕಾಲೇಜು, ಚೀಲ ಇನ್ನೂ ಬೆನ್ನಿಗಿದೆ. ಸಹನಾ ನೆಲದ ಮೇಲೆ ಕುಳಿತು ಬೆರಳ ತುದಿಯಲ್ಲಿ ಮೊಸರನ್ನ ಹಿಡಿದಿದ್ದಾಳೆ. ಗುಂಡಣ್ಣನ ತಲೆ ಅವಳ ತೊಡೆಯ ಮೇಲಿದೆ. ಅವನು ಕಣ್ಣು ಮುಚ್ಚಿಯೇ ನಾಲಿಗೆ ಚಾಚಿ, ನಿಧಾನವಾಗಿ ಆ ಬೆರಳು ನೆಕ್ಕಿದ.

ಈ ಹುಡುಗಿ ಅವನನ್ನು ಯಾವಾಗ ಕರೆದುಕೊಂಡು ಬಂದರೂ ಹೀಗೇ ಮಾತಾಡುತ್ತಾಳೆ, ನಾಲ್ಕು ವರ್ಷದಿಂದ, ನಿಮಗೆ ಗೊತ್ತಿಲ್ಲವೇ ಎಂದು ಡಾಕ್ಟರಮ್ಮ ಮೆಲ್ಲಗೆ ತೆಲುಗಿನಲ್ಲಿ ಕೇಳಿದರು. ನಮಗೆಲ್ಲಿ ಗೊತ್ತು! ಬೆಳಗಿನಿಂದ ಸಂಜೆಯವರೆಗೆ ಬ್ಯಾಂಕಿನಲ್ಲಿರುವ ಮನುಷ್ಯ ನಾಯಿಗೆ ಇಷ್ಟು ಕನ್ನಡವನ್ನು ಯಾವ ಹೊತ್ತಿನಲ್ಲಿ ಕಲಿಸಿದ ಎಂದು ನಾವು ಯಾರಾದರೂ ಒಂದು ದಿನ ಯೋಚಿಸಿದ್ದೆವೇ? ಹನ್ನೊಂದು ವರ್ಷ ಗುಂಡಣ್ಣನ ಜೊತೆ ಮಾತಾಡಿದವಳು ಇವಳು.

ಭಾವ ಪರದೆ ಸರಿಸಿದರು. ಸಹನಾ ತಟ್ಟನೆ ಬಾಯಿ ಮುಚ್ಚಿದಳು.

"ನನ್ನ ಕೂಡ ಯಾಕ ಮಾತಾಡಂಗಿಲ್ಲವಾ?" ಎಂದರು ಭಾವ. ಅಷ್ಟು ಸಣ್ಣ ದನಿ ಅವರದೆಂದು ನನಗೆ ನಂಬಲಾಗಲಿಲ್ಲ.

ಅವಳು ಗುಂಡಣ್ಣನ ಕಿವಿ ಸವರಿದಳು.

"ಗುಂಡಣ್ಣ ನಗಂಗಿಲ್ಲ, ನಾನ್ನಾ" ಎಂದಳು.

ಭಾವ ಹೊರಗೆ ಬಂದು ಬೆಂಚಿನ ಮೇಲೆ ಕುಸಿದರು. ನಾನು ಪಕ್ಕದಲ್ಲಿ ಕುಳಿತೆ. ಪಂಕ್ತಿಯಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ. ಓಣಿಯಲ್ಲಿ ತರಕಾರಿಯವಳು ಗಾಡಿ ತಳ್ಳಿಕೊಂಡು ಹೋಗುತ್ತ, ಭಾವನನ್ನು ಕಂಡು ನಿಂತು, ನಾಯಿ ಹೇಗಿದೆ ಸಾರ್ ಎಂದು ವಿಚಾರಿಸಿದಳು. ಭಾವ ತಮ್ಮ ಎಂದಿನ ತೆಲುಗಿನಲ್ಲಿ ಏನೋ ಹೇಳಿದರು. ಅವಳು ಪೂರ್ತಿ ಕೇಳಿಸಿಕೊಂಡು, ತಲೆಯಾಡಿಸಿ, ದೇವರಿದ್ದಾನೆ ಎಂದು ಹೇಳಿ ಮುಂದೆ ಹೋದಳು.

ಗಾಡಿ ತಿರುವು ದಾಟುವವರೆಗೂ ಭಾವ ಅದನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಮೊಣಕಾಲ ಮೇಲೆ ಕೈಯಿಟ್ಟು, "ಹದಿನೇಳು ವರ್ಷ ಆತಪಾ, ನನ್ನ ತೆಲುಗು ಕೇಳಿ ಈ ನಾಡಾಗ ಒಬ್ಬರೂ ನಕ್ಕಿಲ್ಲ" ಎಂದರು.

ಎದ್ದು ಕನ್ನಡಕ ಒರೆಸಿಕೊಂಡು ಒಳಗೆ ಹೋದರು. ಮಗಳ ಪಕ್ಕದಲ್ಲಿ ನೆಲದ ಮೇಲೆ ಕುಳಿತು ಮೊಸರನ್ನದ ಬಟ್ಟಲನ್ನು ತಾವು ಹಿಡಿದುಕೊಂಡರು.

"ಹೇಳವಾ. ಕೆಮಿಸ್ಟ್ರಿ ಹೆಂಗ ಹಾಳಾತು?"

ಸಹನಾ ಅವರ ಮುಖ ನೋಡಿದಳು. ಗುಂಡಣ್ಣನ ಬಾಯಿಗೆ ಇನ್ನೊಂದು ತುತ್ತು ಇಟ್ಟು, ಮೆಲ್ಲಗೆ ಶುರುಮಾಡಿದಳು. ಅರ್ಧ ಕನ್ನಡ, ಅರ್ಧ ತೆಲುಗು, ನಡುವೆ ಒಂದಿಷ್ಟು ಇಂಗ್ಲಿಷ್. ಭಾವ ಒಂದನ್ನೂ ತಿದ್ದಲಿಲ್ಲ. ಬಟ್ಟಲು ಖಾಲಿಯಾಗುವವರೆಗೂ ಕೇಳುತ್ತ ಕುಳಿತಿದ್ದರು.