ಮೊಲದ ಹಿಂದಿನ ಲಾರಿಯನ್ನು ನಿಲ್ಲಿಸಿದ ಕೂಲರ್ ತಯಾರಕರಿಗೆ

ಗ್ರಾಫಿಕ್ಸ್ ಕಾರ್ಡುಗಳ ಬಿಸಿ ತಲೆಯನ್ನು ತಂಪಾಗಿಡುವ ಪುಣ್ಯಕಾರ್ಯದಲ್ಲಿ ತೊಡಗಿರುವ ಮಾನ್ಯರೇ,

ತಾವೂ, ತಮ್ಮ ಕಾರ್ಖಾನೆಯೂ, ಅಲ್ಲಿ ತಯಾರಾಗುವ ಸಕಲ ಫ್ಯಾನುಗಳೂ ಕ್ಷೇಮವೆಂದು ನಂಬಿದ್ದೇನೆ. ನಾನು ತಮ್ಮ ಕಟ್ಟಾ ಅಭಿಮಾನಿ. ಕೂಲರ್ ಕೈಗೆ ಬರುವ ಮೊದಲೇ ಅದರ ಫೋಟೋವನ್ನು ಫೋನಿನ ವಾಲ್‌ಪೇಪರ್ ಮಾಡಿಕೊಂಡವನು. ಆದ್ದರಿಂದ ಇದನ್ನು ದೂರು ಎಂದುಕೊಳ್ಳದೆ, ಖಾರ ಸ್ವಲ್ಪ ಹೆಚ್ಚಾದ ಹೊಗಳಿಕೆಯೆಂದೇ ಓದಿಕೊಳ್ಳಬೇಕಾಗಿ ಕೋರುತ್ತೇನೆ.

ನಮ್ಮ ಮನೆಯಲ್ಲಿರುವುದು ಒಂದೇ ಕಂಪ್ಯೂಟರ್, ಅದು ಅಕ್ಕನದು. ಮಕ್ಕಳ ಕಥೆಗಳಿಗೆ ಓಡಾಡುವ ಚಿತ್ರ ಮಾಡಿ, ಆ ಚಿತ್ರ ನೋಡುತ್ತಾ ತಾನೇ ಕಥೆ ಓದಿ ಕೊಡುವುದು ಅವಳ ಕೆಲಸ, ಅಥವಾ ಕೆಲಸವಾಗಲಿ ಎಂಬುದು ಅವಳ ಆಸೆ. ಕಂಪ್ಯೂಟರ್ ಚಿತ್ರ ತಯಾರಿಸುವಷ್ಟು ಹೊತ್ತೂ ಕಾರ್ಡಿನ ಹಳೇ ಫ್ಯಾನು ಬೊಬ್ಬೆ ಹೊಡೆಯುತ್ತಿತ್ತು, ಪಕ್ಕದಲ್ಲೇ ಇವಳು ಮೈಕಿಗೆ ಓದುತ್ತಿದ್ದಳು. ಮೊಲದ ಕಥೆಯ ಮಾದರಿ ಕೇಳಿಸಿಕೊಂಡ ನಿರ್ಮಾಪಕಿ ಫೋನ್ ಮಾಡಿ, "ಓದೋದು ತುಂಬಾ ಚೆನ್ನಾಗಿದೆ ಕಣಮ್ಮ, ಆದ್ರೆ ಮೊಲದ ಹಿಂದೆ ಲಾರಿ ಯಾಕೆ ಬರ್ತಿದೆ?" ಎಂದರು. ಶುಕ್ರವಾರ ಸಂಜೆಯೊಳಗೆ ಲಾರಿಯಿಲ್ಲದ ಮೊಲ ಬಂದರೆ ಇಡೀ ಕಥಾಮಾಲೆ ಅಕ್ಕನಿಗೆ, ಇಲ್ಲದಿದ್ದರೆ ಇನ್ನೊಬ್ಬರಿಗೆ ಎಂದೂ ಸೇರಿಸಿದರು.

ಆಗ ನಾನು, ಕೂಲರ್ ಪ್ರಿಯರ ಚಾಟ್ ಗ್ರೂಪಿನಲ್ಲಿ ಹಗಲೆಲ್ಲ ಬಿದ್ದುಕೊಂಡಿರುವ ಅವಳ ತಮ್ಮ, ತಾವು ದಯಪಾಲಿಸಿದ ಇಟ್ಟಿಗೆ ಗಾತ್ರದ ಕೂಲರನ್ನು ಹೊತ್ತು ರಂಗಕ್ಕಿಳಿದೆ. ಒಂದಕ್ಷರವೂ ಇಲ್ಲದೆ ಬರೀ ಚಿತ್ರಗಳಿಂದಲೇ ತುಂಬಿದ ತಮ್ಮ ಮಾರ್ಗದರ್ಶಿ ಅದೆಷ್ಟು ಉದಾರವೆಂದರೆ, ಓದುಗ ತನಗೆ ತೋಚಿದ ಅರ್ಥವನ್ನು ಹಚ್ಚಿಕೊಳ್ಳಬಹುದು. ಕಾರ್ಡಿನ ಚಿಪ್‌ಗೆ ಅದರ ಬಿಸಿಯನ್ನು ಕೂಲರಿಗೆ ದಾಟಿಸುವ ಪೇಸ್ಟನ್ನು ಅಕ್ಕಿಕಾಳಿನಷ್ಟು ಹಚ್ಚಬೇಕೋ, ಕಡಲೆಕಾಳಿನಷ್ಟೋ ಎಂದು ಗ್ರೂಪಿನಲ್ಲಿ ಎರಡು ಪಕ್ಷವಾಗಿ ಕಚ್ಚಾಡಿದ್ದರಿಂದ, ಯಾರ ಮನಸ್ಸೂ ನೋಯದಿರಲೆಂದು ಎರಡನ್ನೂ ಹಚ್ಚಿದೆ. ಕೊನೆಗೆ ಪೆಟ್ಟಿಗೆಯ ತಳದ ಸ್ಪಂಜಿನಡಿಯಲ್ಲಿ ಗೇಣುದ್ದದ ವೈರೊಂದು ಸಿಕ್ಕಿತು. ಗ್ರೂಪಿನ ಹಿರಿಯರಾದ ಸ್ಕ್ರೂ ಅಣ್ಣ, "ಎಕ್ಸ್‌ಟ್ರಾ ವೈರ್ ಕೊಟ್ಟೇ ಕೊಡ್ತಾರಪ್ಪ, ಡ್ರಾಯರಲ್ಲಿ ಹಾಕಿಡು" ಎಂದು ಅಪ್ಪಣೆ ಕೊಡಿಸಿದರು. ಹಾಕಿಟ್ಟೆ.

ಕಂಪ್ಯೂಟರಿನ ಬಾಗಿಲು ಮುಚ್ಚಿ, ಚಿತ್ರದ ಕೆಲಸ ಹಚ್ಚಿ ಕಿವಿಗೊಟ್ಟರೆ, ಮಾನ್ಯರೇ, ಎಂಥ ನಿಶ್ಶಬ್ದ. ನಮ್ಮಮ್ಮ ಒಳಗೆ ಬಂದು "ಕರೆಂಟ್ ಹೋಯ್ತೇನೋ?" ಎಂದು ವಿಚಾರಿಸಿದರು. ನಾನು ಆ ನಿಶ್ಶಬ್ದವನ್ನು ರೆಕಾರ್ಡ್ ಮಾಡಿ ಗ್ರೂಪಿಗೆ ಹಾಕಿದೆ, ಗ್ರೂಪಿನವರು ಹೆಡ್‌ಫೋನ್ ಹಾಕಿಕೊಂಡು ಅದನ್ನು ಮತ್ತೆ ಮತ್ತೆ ಕೇಳಿ ತಲೆದೂಗಿದರು. ಯಾವ ಸ್ಪೀಡಿನಲ್ಲಿ ಓಡಿಸುತ್ತಿದ್ದೀಯ ಎಂದು ಒಬ್ಬರು ಕೇಳಿದ್ದಕ್ಕೆ "ಫುಲ್" ಎಂದು ಉತ್ತರಿಸಿದೆ. ಅಕ್ಕ ಮೊಲವನ್ನು ಅರ್ಧ ಕಾಡು ದಾಟಿಸಿದ್ದಳು, ಅಷ್ಟರಲ್ಲಿ ಪರದೆ ಕಪ್ಪಾಯಿತು. ಬಾಗಿಲು ತೆಗೆದು ಕೂಲರಿಗೆ ಬೆರಳು ತಾಗಿಸಿದವಳು ಕೈ ಕೊಡವಿಕೊಳ್ಳುತ್ತಾ, "ಲೋ, ಇದು ಇಸ್ತ್ರಿ ಪೆಟ್ಟಿಗೆ ಆಗಿದೆ. ಫ್ಯಾನು ತಿರುಗ್ತಾನೇ ಇರ್ಲಿಲ್ವಲ್ಲೋ" ಎಂದಳು.

ಕಾರ್ಡಿನ ಪುಟಾಣಿ ಪಿನ್ನಿಗೂ ತಮ್ಮ ದೊಡ್ಡ ಫ್ಯಾನುಗಳಿಗೂ ಸಂಬಂಧ ಬೆಸೆಯುವ ಏಕೈಕ ಸೇತುವೆ ಡ್ರಾಯರಿನಲ್ಲಿ ವಿಶ್ರಾಂತಿ ಪಡೆಯುತ್ತಿತ್ತು. ಅಂಥ ಮುಖ್ಯವಾದದ್ದನ್ನು ಸ್ಪಂಜಿನಡಿ ಬಚ್ಚಿಟ್ಟು, ತಮ್ಮ ಕಂಪನಿಯ ಸ್ಟಿಕ್ಕರುಗಳನ್ನು ಎಲ್ಲಕ್ಕಿಂತ ಮೇಲಿಟ್ಟ ತಮ್ಮ ವಿವೇಕಕ್ಕೆ ಏನೆಂದು ಹೇಳಲಿ. ವೈರು ಸಿಕ್ಕಿಸಿದ ಮೇಲೆ ಫ್ಯಾನು ನಿಜಕ್ಕೂ ತಿರುಗಿತು, ತಿರುಗಿದ್ದರಿಂದ ಸಣ್ಣಗೆ ಸುಯ್ ಎಂದಿತು. ಅಕ್ಕ ನನ್ನ ಮುಖ ನೋಡಲಿಲ್ಲ. ಮೊದಲರ್ಧ ಪುಣ್ಯಕ್ಕೆ ರೆಕಾರ್ಡ್ ಆಗಿತ್ತು, ಉಳಿದರ್ಧವನ್ನು ಆ ಸುಯ್ಯಿನಲ್ಲೇ ಓದಿ, ಗಡುವು ಮುಗಿಯುವ ಹೊತ್ತಿಗೆ ಕಳಿಸಿ, ಫೋನನ್ನು ಮಗುಚಿಟ್ಟು ಕೂತಳು.

ಮಾರನೆಯ ದಿನ ನಿರ್ಮಾಪಕಿ ಹೇಳಿದ್ದನ್ನು ತಮ್ಮ ಕಾರ್ಖಾನೆಯ ಗೋಡೆಯ ಮೇಲೆ ಬರೆಸಬಹುದು: "ಲಾರಿ ಹೋಯ್ತು ನೋಡಿ. ಆಮೇಲೆ ಮೊಲ ಕಾಡಿನ ಮಧ್ಯಕ್ಕೆ ಬಂದಾಗ ಮೆಲ್ಲಗೆ ಗಾಳಿ ಬೀಸೋಕೆ ಶುರುವಾಗುತ್ತಲ್ಲ, ಎಷ್ಟು ಚೆನ್ನಾಗಿ ಯೋಚನೆ ಮಾಡಿದ್ದೀರಮ್ಮ. ಕಥಾಮಾಲೆ ನಿಮ್ಗೇ. ಎಲ್ಲಾ ಕಥೆಗೂ ಹಾಗೇ ವಾತಾವರಣ ಹಾಕಿ."

ಅಂದಿನಿಂದ ಅಕ್ಕ ನನ್ನನ್ನು ವಾತಾವರಣ ವಿಭಾಗದ ಮುಖ್ಯಸ್ಥನನ್ನಾಗಿ ನೇಮಿಸಿದ್ದಾಳೆ. ಮುಂದಿನ ಕಥೆ ಮೀನಿನದು, ಅದರಾಚೆಯದು ಚಂದ್ರನ ಮೇಲೆ ನಡೆಯುತ್ತದೆ. ಆದ್ದರಿಂದ ತಮ್ಮ ಮುಂದಿನ ಕೂಲರಿನಲ್ಲಿ ಕಾಡು, ಕಡಲತೀರ, ನೀರಿನಡಿ ಎಂಬ ಮೂರು ವೇಗಗಳನ್ನೂ, ಚಂದ್ರನಲ್ಲಿ ಗಾಳಿಯೇ ಇಲ್ಲವಾದ್ದರಿಂದ ತಿರುಗದೆಯೇ ತಂಪು ಮಾಡುವ ನಾಲ್ಕನೆಯದೊಂದನ್ನೂ ಒದಗಿಸಿಕೊಡಬೇಕಾಗಿ ಬೇಡುತ್ತೇನೆ. ಆಗದ ಮಾತೆಂದು ತಮ್ಮ ಇಂಜಿನಿಯರುಗಳು ಗೊಣಗಿದರೆ, ಅರ್ಧ ಕಥೆಯ ಮಟ್ಟಿಗೆ ತಮ್ಮ ಕೂಲರ್ ಅದನ್ನೂ ಮಾಡಿ ತೋರಿಸಿದೆಯೆಂದು ದಯವಿಟ್ಟು ತಿಳಿಸಿ.

ಬೆರಳಿಗೆ ಪೇಸ್ಟ್ ಮೆತ್ತಿಕೊಂಡೇ ಇರುವ,
ತಮ್ಮ ಪರಮ ವಿಶ್ವಾಸಿ,
ವಾತಾವರಣ ವಿಭಾಗದ ಮುಖ್ಯಸ್ಥ

ಮರೆತ ಮಾತು: ಪೆಟ್ಟಿಗೆಯಲ್ಲಿ ಇನ್ನೂ ಎರಡು ಸ್ಕ್ರೂ ಉಳಿದಿವೆ. ಎಕ್ಸ್‌ಟ್ರಾ ಎಂದು ಸ್ಕ್ರೂ ಅಣ್ಣ ಈಗಾಗಲೇ ತೀರ್ಪು ಕೊಟ್ಟಾಗಿದೆ. ಅದಕ್ಕೇ ಭಯವಾಗಿ ತಮ್ಮನ್ನು ಕೇಳುತ್ತಿದ್ದೇನೆ. ಉತ್ತರವನ್ನು ಚಿತ್ರದಲ್ಲಿ ಕಳಿಸಬೇಡಿ.