ಬಲೆತೆ ಮರದಲ್ಲಿ ಅಪ್ಪಣೆ ಸಿಗದ ಸೋಮವಾರ

ಮಾನ್ಯ ತಿಕ್ಬಾಲಾಂಗ್ ಅವರೇ,

ಕುದುರೆಯ ಮೋರೆಯನ್ನು ಮನುಷ್ಯನ ಹೆಗಲ ಮೇಲೆ ಹೊತ್ತು, ಕುಳಿತರೆ ಮೊಣಕಾಲು ತಲೆಗಿಂತ ಮೇಲೇರುವಷ್ಟು ನೀಳಕಾಯರಾಗಿ, ಆಲದಂತೆ ಬೇರು ಇಳಿಬಿಟ್ಟ ನಮ್ಮೂರ ಬಲೆತೆ ಮರದಲ್ಲಿ ತಲೆಮಾರುಗಳಿಂದ ವಾಸವಾಗಿರುವ ತಮಗೆ ನಾಲ್ಕನೇ ತರಗತಿಯ ಶಿಕ್ಷಕಿಯ ತಲೆಬಾಗಿದ ನಮಸ್ಕಾರಗಳು. ತಾವೂ, ಕಿತ್ತವರಿಗೆ ತಮ್ಮನ್ನು ಆಳಾಗಿಸುವ ತಮ್ಮ ಕತ್ತಿನ ಮೂರು ಬಂಗಾರದ ಕೂದಲೂ ಕ್ಷೇಮವೆಂದು ನಂಬಿದ್ದೇನೆ.

ನಮ್ಮ ಶಾಲೆಗೆ ಬಂದ ಒಂದು ಕಥೆಪುಸ್ತಕದಲ್ಲಿ ತಾವು ಶಾಲೆಗೆ ಸೇರುತ್ತೀರಿ, ಎಲ್ಲರೂ ತಮ್ಮನ್ನು ನೋಡಿ ನಗುತ್ತಾರೆ, ಕೊನೆಯ ಪುಟದಲ್ಲಿ ಎಲ್ಲರೂ ಅಪ್ಪಿಕೊಳ್ಳುತ್ತಾರೆ. ನಮ್ಮ ಮಕ್ಕಳು ನಗುವ ಪುಟದವರೆಗೆ ಬಹಳ ಚೆನ್ನಾಗಿ ಕಲಿತರು. ಜೂನ್‌ನಲ್ಲಿ ಬೇರೆ ದ್ವೀಪದಿಂದ ಬಂದು ಸೇರಿದ, ಎತ್ತರದ, ಉದ್ದ ಮುಖದ ಹುಡುಗಿ ಎದುರಾದಾಗಲೆಲ್ಲ, ತಮ್ಮ ಮರ ದಾಟುವಾಗ ಊರವರು ಹೇಳುವ ಮಾತನ್ನೇ ಅವಳಿಗೂ ಹೇಳತೊಡಗಿದರು: “ಅಪ್ಪಣೆ ಕೊಡಿ ದೊಡ್ಡೋರೆ, ದಾಟ್ಕೋತೀವಿ.”

ಹುಡುಗಿ ಅಳಲಿಲ್ಲ. ಅತ್ತಿದ್ದರೆ ಸಮಾಧಾನಪಡಿಸುವ ಕ್ರಮ ನನಗೆ ತಿಳಿದಿತ್ತು. ಅವಳು ಬಾಳೆಲೆಯಲ್ಲಿ ಸುತ್ತಿದ ಸುಮಾನ್ ಕಡುಬು ಹಿಡಿದು, ನೆಂಟಸ್ತನ ವಿಚಾರಿಸಲು ತಮ್ಮಲ್ಲಿಗೇ ಬಂದಳು. ತಾವು ಏನು ಹೇಳಿಕೊಟ್ಟಿರೋ ನಾ ಕಾಣೆ.

ಸೋಮವಾರ ಬೆಳಿಗ್ಗೆ ಇಪ್ಪತ್ತಮೂರು ಮಕ್ಕಳು ಮರದ ಬುಡದಲ್ಲಿ ಎಂದಿನಂತೆ ಅಪ್ಪಣೆ ಕೇಳಿದರೆ, ಬೇರಿನ ಸಂದಿಯಿಂದ “ಕೊಡಲ್ಲ” ಎಂಬ ಉತ್ತರ ಬಂತು. ಕೇಳುವುದು ನಮ್ಮ ಪದ್ಧತಿ; ನಿರಾಕರಿಸುವುದು ಅಜ್ಜಂದಿರ ಕಾಲದಿಂದಲೂ ತಮ್ಮ ಪದ್ಧತಿಯಲ್ಲ. ಕೇಳದೆ ದಾಟಿದರೇ ತಾವು ದಾರಿ ತಪ್ಪಿಸುತ್ತೀರಿ, ಇನ್ನು ಬೇಡವೆಂದ ಮೇಲೆ ದಾಟುವವರು ಯಾರು? ತಮ್ಮ ಮಾಯೆಗೆ ಇರುವ ಒಂದೇ ಮದ್ದೆಂದು ಎಲ್ಲರೂ ಅಂಗಿ ಬಿಚ್ಚಿ ತಿರುಗಾಮುರುಗಾ ತೊಟ್ಟುಕೊಂಡರು. ಆಗ ಬೇರಿನ ಸಂದಿಯಿಂದ ಆ ಹುಡುಗಿಯೇ ಈಚೆ ಬಂದು ದಾರಿಗೆ ಅಡ್ಡ ನಿಂತಳು.

“ಅಂಗಿ ತಿರುಗಿಸಿದ್ರೆ ಅವರು ಬಿಡಬಹುದು, ನಾನು ಬಿಡಲ್ಲ. ನನ್ನ ಹೆಸರು ಹೇಳಿ, ಹೋಗಿ.”

ಇಪ್ಪತ್ತಮೂರರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅವಳೇ ಹೇಳಿಕೊಟ್ಟು, ಒಬ್ಬೊಬ್ಬರ ಉಚ್ಚಾರ ತಿದ್ದಿ, ದಾಟಿಸಿದಳು. ಎಲ್ಲರಿಗಿಂತ ಜೋರಾಗಿ ಅಣಕಿಸುತ್ತಿದ್ದ ಕ್ರಿಸಾಂತೋ ಐದು ಸಲ ಹೇಳಬೇಕಾಯಿತು.

ಆದ್ದರಿಂದ ಅವಳು ತಮ್ಮ ಮಗಳಲ್ಲವೆಂದು ಗೊರಸಿನ ಗುರುತೊತ್ತಿದ ಪತ್ರವನ್ನು ತಾವು ಕೂಡಲೇ ಕಳಿಸಬೇಕು. ಮಗಳೇ ಹೌದಾದರೆ, ಶನಿವಾರದ ಪೋಷಕರ ಸಭೆಗೆ ಬಾಗಿಲಲ್ಲಿ ತುಸು ಬಗ್ಗಿ ದಯಮಾಡಿಸಬೇಕು. ಇಂಥ ಮಗಳನ್ನು ಬೆಳೆಸಿದವರನ್ನು ನೋಡುವ ಆಸೆ ನನಗೂ ಇದೆ.

ಇಂತು, ತಡವಾಗಿ ಶಾಲೆ ತಲುಪಿದ ತಮ್ಮ ವಿಶ್ವಾಸಿ,
ಪುರಿಫಿಕಾಸಿಯೋನ್ ಆಬೆಲ್ಯಾ

ತಾ.ಕ.: ನನ್ನ ದಾರಿಯೂ ಅದೇ; ಸೋಮವಾರ ನನ್ನನ್ನೂ ತಡೆದಳು. ಹಾಜರಿ ಕರೆಯುವಾಗ ಅವಳನ್ನು ‘ಹಿಂದಿನ ಸಾಲಿನ ಉದ್ದದವಳು’ ಎಂದೇ ಕರೆಯುತ್ತಿದ್ದವಳು ನಾನು. ಮಕ್ಕಳಿಂದ ಬರೀ ಹೆಸರು ಸಾಕಾಯಿತು, ನನ್ನಿಂದ ಪೂರ್ತಿ ಕೇಳಿದಳು: ಲುವಲ್ಹಾತಿ ಡಿಮಾಕುಲಂಗನ್. ನನ್ನ ಅಂಗಿಯೂ ತಿರುಗಾಮುರುಗಾ ಇತ್ತು, ನಾಚಿಕೆಯಾಯಿತು. ಮಂಗಳವಾರ ಮರದಡಿಯಲ್ಲಿ ಯಾರೂ ತಡೆಯಲಿಲ್ಲ. ಅವಳಾಗಲೇ ತರಗತಿಯ ಮೊದಲ ಸಾಲಿನಲ್ಲಿ ಕುಳಿತಿದ್ದಳು. ಹಿಂದಿನವರಿಗೆ ಈಗ ಕರಿಹಲಗೆ ಕಾಣುತ್ತಿಲ್ಲ. ದೂರುಗಳಿದ್ದರೆ ತಮಗೇ ಬರೆಯಲು ಹೇಳಿದ್ದೇನೆ.