ಬೊರಿವಲಿ ಲೋಕಲ್‌ನಲ್ಲಿ ಎರಡು ಸ್ಲಾಟು

ನನ್ನದೊಂದು ಚಾಳಿ ಇದೆ, ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಯಾವ ವಸ್ತುವೂ ಹಾಳಾಯಿತು ಎಂದು ನಾನು ಒಪ್ಪುವುದಿಲ್ಲ. ನಿಂತಿದೆ ಎನ್ನುತ್ತೇನೆ. ಫ್ಯಾನ್ ನಿಂತಿದೆ, ಮಿಕ್ಸರ್ ನಿಂತಿದೆ, ಇಸ್ತ್ರಿ ಪೆಟ್ಟಿಗೆ ನಿಂತಿದೆ. ನಿಂತದ್ದು ಮತ್ತೆ ನಡೆಯಲೇಬೇಕಲ್ಲ, ಹಾಗಾಗಿ ಸ್ಕ್ರೂಡ್ರೈವರ್ ಹುಡುಕಲು ಶುರುಮಾಡುತ್ತೇನೆ. ನಲವತ್ತೆಂಟು ವರ್ಷದ ಹೆಂಗಸು, ಅಂಧೇರಿಯ ಒಂದು ಕೊರಿಯರ್ ಆಫೀಸಿನಲ್ಲಿ ಗಿರಾಕಿಗಳ ದೂರು ಕೇಳುವ ಕೆಲಸ, ಸಂಜೆ ಮನೆಗೆ ಬಂದರೆ ಮನೆಯ ಸಾಮಾನುಗಳ ದೂರು. ನಮ್ಮವರು ನೆಂಟರ ಮುಂದೆ ಹೇಳುತ್ತಿರುತ್ತಾರೆ, "ಮಂದಿ ಹೆಂಡ್ರ ಪರ್ಸಿನ್ಯಾಗ ಲಿಪ್‌ಸ್ಟಿಕ್ ಇರ್ತದ. ನಮ್ಮಾಕಿ ಪರ್ಸಿನ್ಯಾಗ ಬೋಲ್ಟ್ ತಿರುವೋ ಪಾನಾ." ಬೈಗುಳವೆಂದು ಅವರು ಹೇಳುವುದು, ಹೊಗಳಿಕೆಯೆಂದು ನಾನು ಕೇಳಿಸಿಕೊಳ್ಳುವುದು. ಇಪ್ಪತ್ತೆರಡು ವರ್ಷದ ಸಂಸಾರ ಹೀಗೇ ನಡೆದಿದೆ.

ಈ ಸಲ ನಿಂತದ್ದು ಹಿಟ್ಟು ರುಬ್ಬುವ ಗ್ರೈಂಡರ್. ಅಂಗಡಿಯದಲ್ಲ, ನನ್ನ ಅಪ್ಪ ಕೈಯಾರೆ ಮಾಡಿದ್ದು. ಅಪ್ಪ ವಿಜಯಪುರದ ಕಡೆಯಿಂದ ಬಂದು ಪರೇಲಿನ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದವರು. ನನ್ನ ಮದುವೆಗೆ ಬಂದವರೆಲ್ಲ ಕುಕ್ಕರ್, ಡಿನ್ನರ್ ಸೆಟ್ ಕೊಟ್ಟರೆ, ಅಪ್ಪ ಚಾಲ್‌ನ ಹತ್ತಡಿ ಖೋಲಿಯಲ್ಲಿ ಕೂತು ಒಂದು ಹಳೆಯ ಮೋಟರಿಗೆ ಕಲ್ಲು, ಬೆಲ್ಟು ಜೋಡಿಸಿ ಇದನ್ನು ಕೊಟ್ಟರು. ಈಗ ಅವರಿಗೆ ಎಂಬತ್ತು, ಪರೇಲಿನಲ್ಲೇ ನನ್ನ ತಮ್ಮನ ಜೊತೆ ಇದ್ದಾರೆ, ಕೈ ನಡುಗುತ್ತದೆ. ತಿಂಗಳಿಗೊಂದು ಭಾನುವಾರ ನಮ್ಮಲ್ಲಿಗೆ ದೋಸೆ ತಿನ್ನಲು ಬರುತ್ತಾರೆ. ಬಂದವರು ನೆಟ್ಟಗೆ ಅಡುಗೆಮನೆಗೆ ಹೋಗಿ ಗ್ರೈಂಡರಿನ ಮೇಲೆ ಅಂಗೈ ಇಡುತ್ತಾರೆ. ಆಮೇಲೆ ನನ್ನನ್ನು ಹೇಗಿದ್ದೀ ಎಂದು ಕೇಳುತ್ತಾರೆ.

ಅದರ ಮೋಟರ್ ಒಂದು ಕಬ್ಬಿಣದ ಪಟ್ಟಿಯ ಮೇಲೆ ಎರಡು ಬೋಲ್ಟಿನಲ್ಲಿ ಕೂತಿತ್ತು. ಬೆಲ್ಟ್ ಸಡಿಲವಾದರೆ ಬೋಲ್ಟ್ ಬಿಚ್ಚಿ ಮೋಟರನ್ನು ಸ್ವಲ್ಪ ಹಿಂದೆ ಸರಿಸಬೇಕು, ಅದನ್ನು ಇಷ್ಟು ವರ್ಷ ಅಪ್ಪನೇ ಮಾಡಿಕೊಟ್ಟಿದ್ದರು. ಹಾಗೆ ಸರಿಯಲಿಕ್ಕೆಂದೇ ಪಟ್ಟಿಯಲ್ಲಿ ದುಂಡನೆಯ ತೂತಿನ ಬದಲು ಉದ್ದನೆಯ ಸೀಳು, ಅಂದರೆ ಸ್ಲಾಟು. ಒಂದು ಶನಿವಾರ ಆ ಪಟ್ಟಿ ತುಕ್ಕು ಹಿಡಿದು ಮುರಿಯಿತು. ಎಡಗಡೆಯ ತುಂಡು ಸ್ಲಾಟಿನ ಸಮೇತ ಸಿಕ್ಕಿತು, ಬಲಗಡೆಯದು ಕೈ ಹಚ್ಚಿದರೆ ಪುಡಿಪುಡಿ. ನಮ್ಮವರು ಬಗ್ಗಿಯೂ ನೋಡಲಿಲ್ಲ.

"ಗುಜರಿ ಒಯ್ಯೋ ಭಂಗಾರ್‌ವಾಲಾಗ ಹೇಳೀನಿ. ಮುಂದಿನ ಐತವಾರ ಬಂದು ಒಯ್ತಾನ."

"ಅವತ್ತ ಅಪ್ಪ ಬರ್ತಾರ."

"ಬರ್ಲಿ. ಹೊಸಾದು ತಂದಿಡೂಣು, ಅದರ ಮ್ಯಾಲ ಕೈ ಇಡ್ಲಿ."

ಆ ನಡುಗುವ ಅಂಗೈ ಯಾವುದೋ ಬಣ್ಣದ ಪ್ಲಾಸ್ಟಿಕ್ ಮುಚ್ಚಳದ ಮೇಲೆ ಕೂರುವುದನ್ನು ನೆನೆದರೆ ನನಗೆ ಊಟ ಸೇರಲಿಲ್ಲ. "ಶನಿವಾರ ಸಂಜಿಗೆ ಅದು ತಿರಗಲಿಲ್ಲಂದ್ರ ನಾನ ಎತ್ತಿ ಅವನ ಗಾಡ್ಯಾಗ ಇಡ್ತೀನಿ," ಎಂದುಬಿಟ್ಟೆ. ಅಪ್ಪನಿಗೆ ಒಂದು ಫೋನ್ ಮಾಡಿ ಕೇಳಬಹುದಿತ್ತು. ಮಾಡಲಿಲ್ಲ. ಫಿಟ್ಟರನ ಮಗಳು ಫೋನಿನಲ್ಲಿ ಸ್ಲಾಟಿನ ಬಗ್ಗೆ ಕೇಳುವುದೆಂದರೆ ಏನು ಮರ್ಯಾದೆ.

ಹಾರ್ಡ್‌ವೇರ್ ಅಂಗಡಿಯಲ್ಲಿ ಗೇಣುದ್ದ, ನಾಲ್ಕು ಬೆರಳಗಲ, ಪೆನ್ಸಿಲ್ ದಪ್ಪದ ಅಲ್ಯೂಮಿನಿಯಂ ಪಟ್ಟಿ ಸಿಕ್ಕಿತು. ಇದು ತುಕ್ಕು ಹಿಡಿಯುವುದಿಲ್ಲ ಎಂಬುದು ನನ್ನ ಮೊದಲ ಹೆಮ್ಮೆ. ಅಂಗಡಿಯವನು ನನ್ನನ್ನು ಮೇಲೆ ಕೆಳಗೆ ನೋಡಿ, "ಮ್ಯಾಡಮ್, ಸ್ಲಾಟ್ ತೋ ಮಶೀನ್ ಪೇ ಹೋತಾ ಹೈ," ಎಂದ. ನನ್ನ ಹತ್ತಿರ ಇದ್ದ ಮಶೀನೆಂದರೆ ಪರದೆಯ ಸರಳು ಹಾಕಲು ತಂದ ಕೈ ಡ್ರಿಲ್ಲು. ಭಾನುವಾರ ಬೆಳಿಗ್ಗೆ ಪಟ್ಟಿಯನ್ನು ಬಾಲ್ಕನಿಯ ಸ್ಟೂಲಿಗೆ ಬಿಗಿದು, ಹಳೆಯ ಎಡತುಂಡಿನ ಅಳತೆಯಲ್ಲೇ ಎರಡೂ ಕಡೆ ಮೊಳೆಯಿಂದ ಗುರುತು ಹಾಕಿ, ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ನಾಲ್ಕು ಹನಿ ಬಿಟ್ಟು, ಒಂದೊಂದು ಸ್ಲಾಟಿನ ಜಾಗದಲ್ಲಿ ಮೂರು ಮೂರು ತೂತು ಸಾಲಾಗಿ ಕೊರೆದೆ. ತೂತುಗಳ ನಡುವೆ ಉಳಿದ ತೆಳು ಗೋಡೆಗಳನ್ನು ಅರದಿಂದ ಉಜ್ಜಿ ತೆಗೆದರೆ ಸ್ಲಾಟು ತಯಾರು. ಹೇಳಲಿಕ್ಕೆ ಒಂದು ವಾಕ್ಯ, ಮಾಡಲಿಕ್ಕೆ ಒಂದು ವಾರ.

ಯಾಕೆಂದರೆ ಅರದ ಸದ್ದು. ಡ್ರಿಲ್ಲಿನ ಗದ್ದಲಕ್ಕೆ ಸುಮ್ಮನಿದ್ದ ಎಲ್ಲರೂ ಕಾಕು ಎಂದು ಕರೆಯುವ ಕೆಳಗಿನ ಮನೆಯ ಹೆಂಗಸು, ಅರ ಹಾಕಿದ ಎರಡನೇ ನಿಮಿಷಕ್ಕೆ ಮೇಲೆ ಬಂದಳು. ಹಲ್ಲು ಜುಮ್ಮೆನ್ನುತ್ತಂತೆ. ಸೊಸೈಟಿಯ ಸೆಕ್ರೆಟರಿಯನ್ನೂ ಕರೆತಂದಿದ್ದಳು. ಬಿಲ್ಡಿಂಗಿನಲ್ಲಿ ಅರ ಬಂದ್.

ಸೋಮವಾರ ಬೆಳಿಗ್ಗೆ ಬೊರಿವಲಿಯಿಂದಲೇ ಹೊರಡುವ ಸ್ಲೋ ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ಕೂತಾಗ ನನಗೆ ಜ್ಞಾನೋದಯವಾಯಿತು. ಎದುರಿಗೆ ಉಡುಪಿ ಕಡೆಯ ಸುನಂದಕ್ಕ ಎಂದಿನಂತೆ ಬಟಾಣಿ ಸುಲಿಯುತ್ತಿದ್ದಳು. ಪಕ್ಕದವಳು ಮೆಂತ್ಯ ಬಿಡಿಸುತ್ತಿದ್ದಳು. ಇನ್ನೊಬ್ಬಳು ಬೀನ್ಸ್ ಹೆಚ್ಚುತ್ತಿದ್ದಳು. ಮನೆಗೆಲಸವನ್ನೆಲ್ಲ ಮಾಡಬಹುದಾದ ಡಬ್ಬಿಯಲ್ಲಿ ಈ ಮನೆಗೆಲಸ ಮಾತ್ರ ಯಾಕೆ ಬೇಡ? ಮರುದಿನ ಪರ್ಸಿನಲ್ಲಿ ಪಟ್ಟಿ, ಅರ, ಒಂದು ಸೀಮೆಸುಣ್ಣ. ಅಲ್ಯೂಮಿನಿಯಂ ಅರದ ಹಲ್ಲಿಗೆ ಮೆತ್ತಿಕೊಳ್ಳುತ್ತದೆ, ಸುಣ್ಣ ತಿಕ್ಕಿದರೆ ಮೆತ್ತುವುದಿಲ್ಲ. ಮಡಿಲಲ್ಲಿ ಪೇಪರ್ ಹಾಸಿ, ಪಟ್ಟಿಯನ್ನು ಊಟದ ಡಬ್ಬಿಗೆ ಒತ್ತಿ ಹಿಡಿದು ಶುರುಮಾಡಿದೆ.

"ಎಂಥದು ಮಾರಾಯ್ತಿ ಇದು, ಟ್ರೇನಲ್ಲಿ ವರ್ಕ್‌ಶಾಪಾ?" ಎಂದಳು ಸುನಂದಕ್ಕ. "ಆಚೆ ತಿರುಗಿ ಕೂತ್ಕೋ, ನನ್ನ ಬಟಾಣಿಗೆ ಪುಡಿ ಬೀಳ್ತದೆ. ನಿನ್ನ ಗಂಡನಿಗೆ ಹೇಳ್ಲಿಕ್ಕಾಗುದಿಲ್ವಾ?"

"ಅವ್ರಿಗೆ ಹೇಳಿದ್ರ ಅವ್ರು ಭಂಗಾರ್‌ವಾಲಾಗ ಹೇಳ್ತಾರ."

ಗಾಡಿ ಅಲುಗಾಡುವಾಗ ಉಜ್ಜಿದರೆ ಅರ ಸೊಟ್ಟ ಹೋಗುತ್ತದೆ ಎಂಬುದು ತಡವಾಗಿ ಗೊತ್ತಾಯಿತು. ಅಷ್ಟರಲ್ಲಿ ಎಡಗಡೆಯ ಸ್ಲಾಟು ಹೊಟ್ಟೆ ಬಂದ ಗಂಡಸಿನ ಹಾಗೆ ನಡುವೆ ಉಬ್ಬಿಹೋಗಿತ್ತು. ಆಮೇಲೆ ಸ್ಟೇಷನ್ನಿನಲ್ಲಿ ಗಾಡಿ ನಿಂತಾಗ ಮಾತ್ರ ಉಜ್ಜುವ ನಿಯಮ ಮಾಡಿಕೊಂಡೆ. ಗುರುವಾರ ಬಲಗಡೆಯ ಸ್ಲಾಟಿಗೆ ಕೈಹಾಕುವ ಹೊತ್ತಿಗೆ ಸುನಂದಕ್ಕ ನನ್ನಿಂದ ಕೆಲಸ ಮಾಡಿಸುವ ಮುಕಾದಮ್ ಆಗಿದ್ದಳು. "ಕಾಂದಿವಲಿ ಬಂತು, ಹಾಕು. ಸಾಕು, ಬಿಟ್ಟಿತು. ಮಲಾಡ್, ಹಾಕು." ಶುಕ್ರವಾರ ಜೋಗೇಶ್ವರಿಯ ಹತ್ತಿರ ಸಿಗ್ನಲ್ ಕೆಟ್ಟು ಗಾಡಿ ಹದಿನೈದು ನಿಮಿಷ ನಿಂತಿತು. ಡಬ್ಬಿಯೆಲ್ಲ ರೈಲ್ವೆಯವರಿಗೆ ಶಾಪ ಹಾಕುತ್ತಿತ್ತು. ನಾನೊಬ್ಬಳು ಸಿಗ್ನಲ್ಲಿಗೆ ಮನಸ್ಸಿನಲ್ಲೇ ಕೈಮುಗಿದೆ. ಬೀನ್ಸಿನವಳು ತನ್ನ ಚಾಕುವಿಗೂ ಸ್ವಲ್ಪ ಸಾಣೆ ಹಿಡಿದುಕೊಡು ಎಂದು ಮರಾಠಿಯಲ್ಲಿ ಕೇಳಿದಳು. ಅದನ್ನೂ ಮಾಡಿಕೊಟ್ಟೆ.

ಬಲಗಡೆಯ ಸ್ಲಾಟು ಹೇಗೆ ಬಂತು ಎಂದು ನಾನೇ ಹೇಳಬಾರದು, ಆದರೂ ಹೇಳುತ್ತೇನೆ. ಬೋಲ್ಟ್ ಇಟ್ಟರೆ ಈ ತುದಿಯಿಂದ ಆ ತುದಿಗೆ ಬೆಣ್ಣೆಯಲ್ಲಿ ಸರಿದಂತೆ ಸರಿಯುತ್ತಿತ್ತು. ಶನಿವಾರ ಅಂಧೇರಿಯಲ್ಲಿ ಇಳಿಯುವಾಗ ಸುನಂದಕ್ಕ ಅದನ್ನು ಕೈಯಲ್ಲಿ ಹಿಡಿದು ಬೆಳಕಿಗೆ ನೋಡಿ, "ಚಂದ ಉಂಟು," ಎಂದಳು. ಸಂಜೆ ಪಟ್ಟಿ ಕೂರಿಸಿ, ಬೆಲ್ಟ್ ಎಳೆದು, ಬೋಲ್ಟ್ ಬಿಗಿದು ಸ್ವಿಚ್ ಹಾಕಿದೆ. ಕಲ್ಲು ತಿರುಗಿತು. ನೆನೆಹಾಕಿದ್ದ ಅಕ್ಕಿಯನ್ನು ಅದಕ್ಕೆ ಸುರಿದಾಗ ನಮ್ಮವರು ಭಂಗಾರ್‌ವಾಲಾನಿಗೆ ಫೋನ್ ಮಾಡಿ ಬರಬೇಡ ಎಂದರು. ಆ ಫೋನನ್ನು ನಾನು ಸ್ಪೀಕರಿನಲ್ಲಿ ಮಾಡಿಸಿದೆ.

ಭಾನುವಾರ ಅಪ್ಪ ಬಂದರು. ಅಂಗೈ ಇಟ್ಟರು. "ಹಚ್ಚವ್ವಾ," ಎಂದರು. ಹಚ್ಚಿದೆ. ಕಿವಿಗೊಟ್ಟು ಕೇಳಿ, "ಸಪ್ಪಳ ಬ್ಯಾರೆ ಐತಿ," ಎಂದರು. ಇನ್ನು ಮುಚ್ಚಿಡುವುದೇನು, ಪ್ಲಗ್ ಕಿತ್ತು ಗ್ರೈಂಡರನ್ನು ಮಗ್ಗುಲಿಗೆ ಮಲಗಿಸಿ ತೋರಿಸಿದೆ. ಅಪ್ಪ ಮೊಣಕಾಲೂರಿ ಕೂತು ಹೆಬ್ಬೆರಳನ್ನು ಅಂಚಿನ ಮೇಲೆ ನಿಧಾನವಾಗಿ ಸವರಿದರು.

"ಯಾರ ಮಾಡ್ಯಾರ?"

"ನಾನಪಾ. ಅರಾ ಹಾಕಿ. ಲೋಕಲ್‌ನ್ಯಾಗ ಕೂತು."

ಅವರು ಬಲಗಡೆಯ ಸ್ಲಾಟಿನ ಅಂಚನ್ನು ಇನ್ನೊಮ್ಮೆ ಸವರಿದರು. ಆಮೇಲೆ ನಮ್ಮವರ ಕಡೆ ತಿರುಗಿ, "ಈ ಬಲಗಡೀದು ಐತಲ್ಲ, ಮಿಲ್ಲಿನ್ಯಾಗ ನಾ ಮಾಡಿದ್ರೂ ಹಿಂಗ ಬರ್ತಿತ್ತು, ನೋಡ್ರಿ," ಎಂದರು. ನನಗೆ ನೆಲ ಕಾಣಲಿಲ್ಲ. ನಮ್ಮವರ ಕೈಯಲ್ಲಿ ದೋಸೆ ಅರ್ಧದಲ್ಲೇ ನಿಂತಿತು.

"ಆದ್ರ ಬಲಗಡೆ ಯಾಕ ಮಾಡೀದಿ?" ಎಂದರು ಅಪ್ಪ.

"ಎಡಗಡೆ ಇತ್ತಲ್ಲಪಾ, ಅದಕ್ಕ."

"ಎಡಗಡೆ ಇತ್ತು. ಬಲಗಡೆ ಬರೇ ದುಂಡಂದು ತೂತು. ಆ ಬೋಲ್ಟಿನ ಮ್ಯಾಲ ಮೋಟರ್ ಬಾಗಲಾ ತಿರಗಿದಂಗ ಹೊಳ್ಳತೈತಿ, ಈ ಕಡೆ ಸ್ಲಾಟಿನ್ಯಾಗ ಸರೀತೈತಿ. ಒಂದ ಸಾಕವ್ವಾ."

ನಮ್ಮವರು ದೋಸೆ ನುಂಗಿ, ನೀರು ಕುಡಿದು, ಸಾವಕಾಶವಾಗಿ ಹೇಳಿದರು, "ಅಂದ್ರ ಗುರುವಾರ, ಶುಕ್ರವಾರ, ಶನಿವಾರ ಮೂರೂ ದಿನ ಹಂಗ ಪುಕ್ಕಟ ಉಜ್ಜಿದಿ."

ಅಪ್ಪ ಹೋದ ಮೇಲೆ ಪಟ್ಟಿಯನ್ನು ಎಡಬಲ ತಿರುವಿಹಾಕಿದೆ. ಈಗ ಚಂದದ ಸ್ಲಾಟು ದುಡಿಯುತ್ತದೆ, ಹೊಟ್ಟೆ ಬಂದದ್ದು ದೊಡ್ಡದೊಂದು ವಾಷರಿನ ಕೆಳಗೆ ತೂತಿನ ಕೆಲಸ ಮಾಡಿಕೊಂಡು ಬಿದ್ದಿದೆ. ಮನೆಗೆ ಬಂದವರಿಗೆಲ್ಲ ಚಹಾಕ್ಕೆ ಮೊದಲು ಗ್ರೈಂಡರ್ ಮಲಗಿಸಿ ತೋರಿಸುತ್ತಿದ್ದೇನೆ. ಇದುವರೆಗೆ ನನ್ನ ತಮ್ಮ, ಗ್ಯಾಸ್ ಸಿಲಿಂಡರ್ ತಂದವನು, ಬಗ್ಗಲಾರದೆ ಬಗ್ಗಿದ ಸೊಸೈಟಿಯ ಸೆಕ್ರೆಟರಿ ನೋಡಿದ್ದಾರೆ. ಎರಡು ಯಾಕೆ ಎಂದು ಯಾರೂ ಕೇಳಿಲ್ಲ. ಕೇಳಿದರೆ ಉತ್ತರ ತಯಾರಿದೆ: ಒಂದು ಸ್ಪೇರ್.